ಆಕಾಶದ ಇಬ್ಬರು ಹೆಂಗಸರು ಮತ್ತು ಬ್ಯಾಡಗಿಯ ಪಡಸಾಲೆ

ರೈಲಿಳಿದು ಬ್ಯಾಡಗಿಯ ಪೇಟೆಯತ್ತ ನಡೆದಾಗ ಇಡೀ ಬೀದಿ ಕೆಮ್ಮುತ್ತಿತ್ತು. ಅಂಗಡಿಯವನು ಕೆಮ್ಮುತ್ತಲೇ ತೂಗುತ್ತಿದ್ದ, ಕೊಳ್ಳುವವಳು ಸೀನುತ್ತಲೇ ಚೌಕಾಸಿ ಮಾಡುತ್ತಿದ್ದಳು, ಎತ್ತುಗಳೂ ಮೂಗು ಕೊಡವುತ್ತಿದ್ದವು. ಯಾರಿಗೂ ಅದು ವಿಶೇಷವೆನಿಸಿದಂತಿರಲಿಲ್ಲ. ನನಗೆ ಮಾತ್ರ ಕಣ್ಣೀರು ಸುರಿದು ದಾರಿ ಕಾಣದಾಯಿತು. ಟ್ರಂಕನ್ನು ಕೆಳಗಿಟ್ಟು ನಿಂತೆ. ಒಬ್ಬ ಮುದುಕಿ ಹತ್ತಿರ ಬಂದು, "ಯಾರು ತೀರ್ಕೊಂಡಾರ ತಂಗಿ?" ಎಂದಳು.

"ಯಾರೂ ಇಲ್ಲಮ್ಮ. ಮೆಣಸಿನಕಾಯಿ ಘಾಟು."

"ಹಂಗಾರ ಅಳು. ನಾಕ ದಿನಕ್ಕ ರೂಢಿ ಆಗ್ತೈತಿ."

ಮೈಸೂರಿನಲ್ಲಿ ಬೀದಿಯಲ್ಲಿ ನಿಂತು ಅತ್ತರೆ ಜನ ಬೇರೆ ಕಡೆ ನೋಡಿ ಮರ್ಯಾದೆ ಉಳಿಸುತ್ತಾರೆ. ಇಲ್ಲಿ ಹತ್ತಿರ ಬಂದು ಕಾರಣ ಕೇಳುತ್ತಾರೆ. ಎರಡೂ ಊರುಗಳ ನಡುವಿನ ವ್ಯತ್ಯಾಸ ನನಗೆ ಮೊದಲ ಗಂಟೆಯಲ್ಲೇ ತಿಳಿಯಿತು. ಅದನ್ನು ಸಹಿಸಲು ಎರಡು ವರ್ಷ ಬೇಕಾಯಿತು.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇಷ್ಟು ದೂರ ಏಕೆ ಬಂದೆ ಎಂದು ಮನೆಯವರು ಈಗಲೂ ಕೇಳುತ್ತಾರೆ. ಹಾಸ್ಟೆಲಿನ ಐದು ವರ್ಷ ನಾನು ಒಬ್ಬ ಗೆಳತಿಯನ್ನು ಪ್ರೀತಿಸಿದ್ದೆ. ಸ್ನೇಹವೆಂಬ ಅರ್ಥದಲ್ಲಿ ಹೇಳುತ್ತಿಲ್ಲ. ಅವಳಿಗೆ ಮದುವೆಯಾಯಿತು. ಅದೇ ಊರಿನಲ್ಲಿ ಅವಳ ಗಂಡನಿಗೆ ನಮಸ್ಕಾರ ಹೇಳಿಕೊಂಡು ಬದುಕಲಾರದೆ ದೂರದ ಕೆಲಸ ಹುಡುಕಿದೆ. ಹೆಸರು ಹಾಕದೆ ಬರೆಯುತ್ತಿರುವುದರಿಂದ ಇಷ್ಟನ್ನು ಬರೆಯಬಲ್ಲೆ.

ಮದುವೆಯಾಗದ ಹೆಂಗಸಿಗೆ ಬಾಡಿಗೆ ಕೋಣೆ ಸಿಗುವುದು ಸುಲಭವಿರಲಿಲ್ಲ. ಕೊನೆಗೆ ಕೋಣೆ ಕೊಟ್ಟವಳು ಗಂಗವ್ವ. ಗಂಡನಿಲ್ಲದ ಆಕೆ ಮಗಳು ಶೈಲಾಳೊಂದಿಗೆ ಇದ್ದಳು. ಕೋಣೆಯನ್ನು ಇಲ್ಲಿ ಖೋಲಿ ಎನ್ನುತ್ತಾರೆ. ಖೋಲಿಗೆ ಬಾಗಿಲಿತ್ತು, ಆದರೆ ಹಗಲಿನಲ್ಲಿ ಅದನ್ನು ಮುಚ್ಚುವಂತಿರಲಿಲ್ಲ. ಮೊದಲ ಭಾನುವಾರ ಮುಚ್ಚಿಕೊಂಡು ಓದುತ್ತಿದ್ದೆ. ನನಗೆ ಜ್ವರ ಬಂದಿದೆಯೆಂದು ನಾಲ್ಕು ಮನೆಯವರು ಬಂದು ಹಣೆ ಮುಟ್ಟಿ ಹೋದರು. ಊಟವೂ ಹೀಗೆಯೇ. ರೊಟ್ಟಿ ಎರಡು ಸಾಕೆಂದರೆ ಗಂಗವ್ವ ಬಿಡುತ್ತಿರಲಿಲ್ಲ. "ಬರೇ ಅನ್ನ ಉಂಡು ನಿಮ್ಮ ಮೈಸೂರಿನವರು ನೆಳ್ಳಾಗ ಬೆಳೆದ ಪಲ್ಲೆ ಆಗೀರಿ. ಮೂರನೇದು ಹಾಕ್ಕೊರಿ."

ಎದುರು ಮನೆಯ ರಜಿಯಾ ಕುಪ್ಪಸ ಹೊಲಿಯುತ್ತಿದ್ದಳು. ಶೈಲಾ ಅವಳಿಗೆ ಕೈಹೊಲಿಗೆಯ ಸಹಾಯ ಮಾಡುತ್ತಿದ್ದಳು. ಇಬ್ಬರಿಗೂ ಇಪ್ಪತ್ತೆರಡರ ಆಸುಪಾಸು. ರಜಿಯಾ ಮನೆಯಲ್ಲಿ ಉರ್ದು, ನಮ್ಮ ಪಡಸಾಲೆಯಲ್ಲಿ ಕನ್ನಡ ಆಡುತ್ತಿದ್ದಳು. ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಶೈಲಾ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ರಜಿಯಾಳ ಜಡೆಯ ತುದಿ ಅವಳ ಮುಷ್ಟಿಯಲ್ಲಿತ್ತು. ಅವಳಿಗೆ ಎಚ್ಚರವಾದೀತೆಂದು ರಜಿಯಾ ಕುತ್ತಿಗೆ ಒಂದು ಕಡೆ ಓರೆ ಮಾಡಿಕೊಂಡೇ ಹುಕ್ಕು ಹಚ್ಚುತ್ತಿದ್ದಳು. ನನ್ನನ್ನು ನೋಡಿದಳು. ನಾನು ಏನೂ ಕಾಣದವಳಂತೆ ಖೋಲಿಗೆ ಹೋದೆ.

ಆ ವರ್ಷ ನಮ್ಮ ಓಣಿಗೆ ಕೇಬಲ್ ಬಂತು. ಗಂಗವ್ವನ ಪಡಸಾಲೆಯ ಟೀವಿಯಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಒಂದು ಇಂಗ್ಲಿಷ್ ಧಾರಾವಾಹಿ. ನಕ್ಷತ್ರಗಳ ನಡುವೆ ಓಡಾಡುವ ಹಡಗು, ಅದರಲ್ಲಿ ಭೂಮಿಯವರು, ಬೇರೆ ಲೋಕಗಳವರು. ಅದನ್ನು ಹಚ್ಚಿಸಿದವಳು ರಜಿಯಾ. ಅವಳ ಕಣ್ಣು ಅವರ ಬಟ್ಟೆಯ ಮೇಲೆ.

"ಗುಂಡಿ ಇಲ್ಲ, ಹುಕ್ಕಿಲ್ಲ, ಕಟ್ಟೋ ನಾಡಿ ಇಲ್ಲ. ಹೆಂಗ ಹಾಕ್ಕೊತಾರ ಕಾಕೂ?"

"ಹಾಕ್ಕೊಂಡಿಲ್ಲ, ಅವರನ್ನ ಒಳಗ ಹಾಕೇ ಹೊಲದಾರ," ಎನ್ನುತ್ತಿದ್ದಳು ಗಂಗವ್ವ. "ಅವನ ಹಣಿ ನೋಡು, ರೊಟ್ಟಿ ಬಡಿಯೋ ಕಲ್ಲು ಆಗೇತಿ."

ಅರ್ಥ ಹೇಳುವುದು ನನ್ನ ಕೆಲಸವಾಯಿತು. ಪಾತ್ರಗಳು ಮಾತಾಡಿದ ಕೂಡಲೇ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಗಂಗವ್ವ ನನ್ನ ಮೈಸೂರು ಕನ್ನಡವನ್ನು ತನ್ನ ಕನ್ನಡಕ್ಕೆ ತಿರುಗಿಸಿ ಬಾಗಿಲಲ್ಲಿ ಕುಳಿತ ಓಣಿಯ ಹೆಂಗಸರಿಗೆ ದಾಟಿಸುತ್ತಿದ್ದಳು. ವಾರವಿಡೀ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸಿ ಉರಿಯುವ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಅವರು ಕೇಳುತ್ತಿದ್ದರು. ಊರು ನನ್ನನ್ನು ಗೌರವದಿಂದ ಅಕ್ಕಾರು ಎಂದು ಕರೆಯತೊಡಗಿದ್ದು ಆಗಲೇ. ಅದು ನನಗೆ ಇಲ್ಲಿ ಸಿಕ್ಕ ಮೊದಲ ಗೆಲುವು.

ಅದೇ ಹೊತ್ತಿಗೆ ಶೈಲಾಳಿಗೆ ಹಾವೇರಿಯ ಸಂಬಂಧ ಬಂತು. ಹುಡುಗ ಕೋರ್ಟಿನಲ್ಲಿ ಗುಮಾಸ್ತ, ಸಭ್ಯಸ್ಥ. ಶೈಲಾ ಒಲ್ಲೆ ಎಂದಳು. ಗಂಗವ್ವ ಕಟುಕಿಯಲ್ಲ. "ಒಲ್ಲೆ ಅಂದ್ರ ಒಲ್ಲೆ. ಆದ್ರ ಯಾಕ ಒಲ್ಲೆ ಅಂತ ಹೇಳು. ಮಂದಿಗೆ ನಾನೇನು ಹೇಳ್ಲಿ?" ಎಂದು ಕೇಳಿದಳು. ಸೋಮವಾರ ಹಾವೇರಿಗೆ ಮಾತು ಕಳಿಸಬೇಕಿತ್ತು. ಶೈಲಾಳ ಹತ್ತಿರ ಕಾರಣವಿತ್ತು, ಅದನ್ನು ಹೇಳುವ ಮಾತಿರಲಿಲ್ಲ. ಅಂಥ ಪ್ರೀತಿಯೊಂದು ಲೋಕದಲ್ಲಿ ಇದೆಯೆಂದು ಅವಳು ಎಲ್ಲೂ ಕೇಳಿರಲಿಲ್ಲ, ನೋಡಿರಲಿಲ್ಲ.

ಆ ಭಾನುವಾರದ ಕಂತಿನಲ್ಲಿ ಹಡಗಿಗೆ ಬೇರೆ ಲೋಕದ ಒಬ್ಬ ವೈದ್ಯೆ ಬಂದಳು. ಹಡಗು ನಡೆಸುವ ಹೆಂಗಸಿನ ಗಾಯಕ್ಕೆ ಮದ್ದು ಮಾಡಿದಳು. ಅರ್ಧ ಕಥೆ ಮುಗಿಯುವಷ್ಟರಲ್ಲಿ ಇಬ್ಬರೂ ಒಂದು ಕಿಟಕಿಯ ಮುಂದೆ ನಿಂತಿದ್ದರು, ವೈದ್ಯೆಯ ಅಂಗೈ ಇನ್ನೊಬ್ಬಳ ಕೆನ್ನೆಯ ಮೇಲಿತ್ತು. ವೈದ್ಯೆ ಹೇಳಿದ್ದು ಸರಳ ಇಂಗ್ಲಿಷ್: ನಾನು ನಿನ್ನನ್ನು ಆರಿಸಿಕೊಂಡಿದ್ದೇನೆ, ನಮ್ಮ ಲೋಕದಲ್ಲಿ ಹೆಣ್ಣು ಹೆಣ್ಣನ್ನು ಆರಿಸಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ.

ಪಡಸಾಲೆ ನನ್ನ ಬಾಯಿಗಾಗಿ ಕಾಯುತ್ತಿತ್ತು. ಇದನ್ನು ಹೇಳಿದರೆ, ಹೇಳುವಾಗ ನನ್ನ ಮುಖ ಹೇಗಿರುತ್ತದೋ ಅದನ್ನು ಇಪ್ಪತ್ತು ಹೆಂಗಸರು ನೋಡುತ್ತಾರೆ ಎಂದಷ್ಟೇ ಯೋಚಿಸಿದೆ.

"ಇವರು ಅಕ್ಕ ತಂಗಿಯರಂತೆ," ಎಂದೆ. "ಚಿಕ್ಕಂದಿನಲ್ಲಿ ಬೇರೆಯಾದವರು. ಈಗ ಗುರುತು ಸಿಕ್ಕಿತಂತೆ."

"ಅಯ್ಯ ಯವ್ವಾ!" ಗಂಗವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ಸಿನಿಮಾಗಳಲ್ಲಿ ಎಷ್ಟೋ ಸಲ ನೋಡಿದ ಕಥೆ. ಬಾಗಿಲವರೆಗೂ ನಂಬಿಕೆ ಹರಡಿತು. ಒಬ್ಬಳು ಮಾತ್ರ, "ಈ ಹಡಗಿನಾಕಿ ಮೊನ್ನೆ ಆ ದಾಡಿಯಾವನ ಜೋಡಿ ಲಗ್ನ ಆಗ್ತೀನಿ ಅಂತಿದ್ಲಲ್ಲ? ಅವಗ ಹೇಳ್ಯಾಳಿಲ್ಲೋ, ತಂಗಿ ಅದಾಳಂತ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಕಥೆಯ ಕೊನೆಗೆ ವೈದ್ಯೆ ಸತ್ತಾಗ ಓಣಿಯೇ ಅತ್ತಿತು. ರಜಿಯಾ ಅಳಲಿಲ್ಲ.

ಮರುದಿನ ಬೆಳಿಗ್ಗೆ ಶೈಲಾ ಮೊಸರಿನ ಬಟ್ಟಲು ಹಿಡಿದು ಖೋಲಿಗೆ ಬಂದಳು. ಇಟ್ಟ ಮೇಲೂ ಹೋಗಲಿಲ್ಲ.

"ಅಕ್ಕಾರ, ಖರೇ ಹೇಳ್ರಿ. ಅವರು ಅಕ್ಕ ತಂಗೇರೇನ್ರಿ?"

"ಹೌದು."

"ಅಕ್ಕ ತಂಗೇರು ಹಂಗ ನೋಡ್ತಾರೇನ್ರಿ?"

"ಅವರ ಕಡೆ ಹಾಗಿರಬಹುದು."

ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ನನ್ನಂಥಾಕಿ ಎಲ್ಲ್ಯಾರ ಅದಾಳೇನ್ರಿ ಅಕ್ಕಾರ? ಆಕಾಶದಾಗರ? ನೀವು ಓದಿದಾವ್ರು. ಅದಾಳ ಅಂತ ಒಂದು ಮಾತು ಹೇಳ್ರಿ. ಅವ್ವಗ ಏನು ಹೇಳ್ಬೇಕೋ ನಾ ಹೇಳ್ತೀನಿ."

ಉತ್ತರ ಅವಳಿಂದ ಎರಡು ಮೊಳ ದೂರದಲ್ಲಿ ಕುಳಿತಿತ್ತು.

"ಹುಡುಗ ಒಳ್ಳೆಯವನಂತೆ, ಶೈಲಾ," ಎಂದೆ.

ಅವಳು ತಲೆಯಾಡಿಸಿದಳು. ಆ ದಿನವೇ ಹಾವೇರಿಗೆ ಒಪ್ಪಿಗೆ ಹೋಯಿತು.

ಮದುವೆಯ ಕುಪ್ಪಸಗಳನ್ನೆಲ್ಲ ರಜಿಯಾ ಹೊಲಿದಳು. ನಂತರ ಮನೆಗೆ ಬೀಗ ಹಾಕಿ, ಮಷೀನು ಕಟ್ಟಿಕೊಂಡು, ತಾಯಿಯೊಂದಿಗೆ ರಾಣೆಬೆನ್ನೂರಿನ ಅಣ್ಣನ ಮನೆಗೆ ಹೊರಟಳು. ಹೊರಡುವ ದಿನ ನನ್ನ ಖೋಲಿಯ ಮುಂದೆ ನಿಂತಳು. "ಆ ಅಕ್ಕ ತಂಗೇರ ಕತಿಗೆ ನಿಮ್ಮ ಹೊಲಿಗಿ ಭಾಳ ಛಲೋ ಇತ್ತು ಅಕ್ಕಾರ. ಅಳತಿ ಮಾತ್ರ ಬ್ಯಾರೇದಾವರದು." ನಗುತ್ತಲೇ ಹೇಳಿದಳು.

ಆ ಧಾರಾವಾಹಿಯನ್ನು ಎರಡು ವರ್ಷ ನೋಡಿದ್ದೇನೆ. ಕಲ್ಲಿನ ಮೈಯವರು, ಮೂರು ಕಣ್ಣಿನವರು, ಉಸಿರೇ ಆಡದವರು, ಎಲ್ಲರಿಗೂ ಹಡಗಿನಲ್ಲಿ ಜಾಗವಿತ್ತು. ಇಬ್ಬರು ಗಂಡಸರು ಕೈ ಹಿಡಿದು ನಡೆದದ್ದನ್ನು ಒಮ್ಮೆಯೂ ಕಾಣಲಿಲ್ಲ. ಇಬ್ಬರು ಹೆಂಗಸರಿಗೆ ಸಿಕ್ಕಿದ್ದು ಒಂದು ಭಾನುವಾರ. ಅದೂ ಒಬ್ಬಳು ಭೂಮಿಯವಳಲ್ಲ ಎಂಬ ನೆಪದಲ್ಲಿ, ಕೊನೆಗೆ ಸಾಯಬೇಕೆಂಬ ಷರತ್ತಿನ ಮೇಲೆ. ಮುಂದಿನ ವಾರ ಹಡಗಿನಾಕೆ ಮತ್ತೆ ದಾಡಿಯವನ ಜೊತೆಗಿದ್ದಳು. ಗಂಡನ್ನೂ ಹೆಣ್ಣನ್ನೂ ಪ್ರೀತಿಸಬಲ್ಲವಳು ಅವಳು ಎಂಬುದನ್ನು ಹಡಗಿನಲ್ಲಿ ಯಾರೂ ನೆನೆಯಲಿಲ್ಲ, ಸತ್ತವಳ ಹೆಸರೆತ್ತಲಿಲ್ಲ. ಇಷ್ಟು ಜಿಪುಣತನದಿಂದ ಅವರು ಕೊಟ್ಟದ್ದನ್ನೂ ನಾನು ಬ್ಯಾಡಗಿಗೆ ತಲುಪಗೊಡಲಿಲ್ಲ.

ಪಂಚಮಿ ಹಬ್ಬಕ್ಕೆ ಇಲ್ಲಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಬಗೆಬಗೆಯ ಉಂಡಿ ಕಟ್ಟುತ್ತಾರೆ. ಶೈಲಾ ಬಂದಳು. ಕೊರಳೆಲುಬು ಎದ್ದಿತ್ತು. ಗಂಡ ಹೊಡೆಯುವುದಿಲ್ಲ, ಬೈಯುವುದಿಲ್ಲ ಎಂದು ಗಂಗವ್ವ ಎಲ್ಲರಿಗೂ ಹೇಳಿದಳು. ಶೈಲಾ ಜೋಕಾಲಿ ಹತ್ತಲಿಲ್ಲ. ಎದುರು ಮನೆಯ ಬೀಗದ ಕಡೆ ಬೆನ್ನು ಮಾಡಿ ಕುಳಿತಳು.

ನಾನು ಅವಳನ್ನು ಖೋಲಿಗೆ ಕರೆದು, ಊರಿನ ಪದ್ಧತಿ ಮುರಿದು ಬಾಗಿಲು ಮುಚ್ಚಿದೆ. ಧಾರಾವಾಹಿಯ ವೈದ್ಯೆ ಕಿಟಕಿಯ ಮುಂದೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಹಾಸ್ಟೆಲಿನದನ್ನೂ ಹೇಳಿದೆ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಮುಂದೆ ಹೇಳಿದ್ದು.

ಅವಳು ಪೂರ್ತಿ ಕೇಳಿದಳು. ನಂತರ ಮೆಲ್ಲಗೆ, "ಈಗ ಯಾಕ ಹೇಳಿದ್ರಿ ಅಕ್ಕಾರ?" ಎಂದಳು. "ಲೋಕದಾಗ ಎಲ್ಲೂ ಇಲ್ಲ ಅಂತ ತಿಳ್ಕೊಂಡು ಹೆಂಗೋ ಇದ್ದೆ. ಈಗ ಹೆಂಗ ಇರ್ಲಿ?"

ಬಾಗಿಲು ತೆರೆದು ಹೋದಳು. ಮೂರನೆಯ ದಿನ ಗಂಡ ಬಂದು ಕರೆದೊಯ್ದ.

ಮಗಳು ಹೋದ ಮೇಲೆ ಗಂಗವ್ವ ಶೈಲಾಳ ಹಾಸಿಗೆಯನ್ನು ನನ್ನ ಖೋಲಿಗೆ ತಂದು ಹಾಕಿದಳು, ನನ್ನದು ತೆಳುವಂತೆ. ಓಣಿಯವರ ಮುಂದೆ, "ಒಬ್ಬ ಮಗಳನ್ನ ಕೊಟ್ಟೆ, ಒಬ್ಬಾಕಿ ಮನ್ಯಾಗ ಅದಾಳ," ಎನ್ನುತ್ತಾಳೆ. ಮೈಸೂರಿನಿಂದ ಅಮ್ಮ ಬರೆಯುತ್ತಾರೆ, ವಾಪಸು ಬಾ, ಇಲ್ಲೇ ಕೆಲಸ ನೋಡೋಣ ಎಂದು. ಅಲ್ಲಿಗೆ ಹೋದರೆ ಯಾರಿಗೂ ಹೇಳದೆ ಬಿಟ್ಟದ್ದರ ನಡುವೆ ಬದುಕಬೇಕು. ಇಲ್ಲಿದ್ದರೆ, ನಾನು ಕಳಿಸಿಕೊಟ್ಟ ಹುಡುಗಿಯ ಹಾಸಿಗೆಯ ಮೇಲೆ ಮಲಗಬೇಕು. ಅಮ್ಮನಿಗೆ ಇನ್ನೂ ಉತ್ತರ ಬರೆದಿಲ್ಲ. ಹೊರಗೆ ಗಂಗವ್ವ ಉಣ್ಣಲು ಕರೆಯುತ್ತಿದ್ದಾಳೆ, ನನ್ನ ಹೆಸರು ಹಿಡಿದು, ಏಕವಚನದಲ್ಲಿ.