ಅತ್ತೆ ಗೊತ್ತುಮಾಡಿದ ಬಾಗಿಲುಗಳು

ನಮ್ಮ ಅತ್ತೆಯ ಹಿಮ್ಮಡಿಗಳು ಬೇಸಿಗೆಯ ಎರೆಹೊಲದಂತೆ ಬಿರಿದಿರುತ್ತಿದ್ದವು. ವರ್ಷವರ್ಷ ಶ್ರೀಶೈಲಕ್ಕೆ ನಡೆದು ಆದ ಬಿರುಕುಗಳು. ಆ ಬೆಳಿಗ್ಗೆಯೂ ಲಿಂಗಸುಗೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತು ಅವಕ್ಕೆ ಔಡಲೆಣ್ಣೆ ತಿಕ್ಕುತ್ತಿದ್ದರು. ನಾನು ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿ, ಚಹಾ ಸೋಸುತ್ತಿದ್ದೆ.

"ಪಾದಯಾತ್ರಿ ಗುಂಪಿನ ಹಿರೇರು ಬರ್ತಾರ ಬೇ. ಅವರ ಚಹಾಕ್ಕ ಸಕ್ರಿ ಜಾಸ್ತಿ ಹಾಕು. ಬೈಯಾಕ ಬರೋರ ಬಾಯಿ ಸೀ ಇರಲಿ" ಎಂದರು.

ಬೈಯಲು ಕಾರಣವಿತ್ತು. ಯುಗಾದಿ ಮುಂದೆ ನಮ್ಮ ಗುಂಪು ಮಸ್ಕಿ, ಸಿಂಧನೂರು ಹಿಡಿದು ಹೆದ್ದಾರಿಯಲ್ಲೇ ಹೋಗುವುದು ವಾಡಿಕೆ. ದಾರಿಯುದ್ದಕ್ಕೂ ದಾಸೋಹದ ಪೆಂಡಾಲು, ಮಜ್ಜಿಗೆ, ಶರಬತ್ತು. ಈ ಸಲ ಅತ್ತೆ ಹೆಣ್ಣುಮಕ್ಕಳನ್ನು ಪಾಮನಕಲ್ಲೂರಿನ ಕಡೆಯ, ಹೆಚ್ಚು ಯಾರೂ ನಡೆಯದ ಹಾದಿಯಲ್ಲಿ ಕರೆದೊಯ್ಯಲು ಹೊರಟಿದ್ದರು.

ಯಾಕೆಂಬುದು ನನಗೆ ಗೊತ್ತಿತ್ತು. ಹಿಂದಿನ ವರ್ಷ ನಾನೂ ನಡೆದಿದ್ದೆ. ಗೊರೇಬಾಳದ ಹತ್ತಿರ ಎರಡೂ ಕಡೆ ನೀರು ನಿಂತ ಭತ್ತದ ಗದ್ದೆ. ಕಣ್ಣು ಹಾಯುವವರೆಗೆ ಒಂದು ಪೊದೆಯಿಲ್ಲ. ಹಿಂದೆ ಮುಂದೆ ಗಂಡಸರು. ಹೆಂಗಸರೆಲ್ಲ ಮಾಡುವಂತೆ ನಾನೂ ಬೆಳಗಿನಿಂದ ನೀರು ಮುಟ್ಟಿರಲಿಲ್ಲ. ಸಿಂಧನೂರು ತಲುಪುವಷ್ಟರಲ್ಲಿ ಉರಿಮೂತ್ರ, ಚಳಿಜ್ವರ. ಅತ್ತೆ ತಮ್ಮ ಯಾತ್ರೆ ಅಲ್ಲಿಗೇ ಬಿಟ್ಟು ನನ್ನನ್ನು ಬಸ್ಸಿನಲ್ಲಿ ಮನೆಗೆ ಕರೆತಂದರು. ಮಳೆಗಾಲ ಮುಗಿದದ್ದೇ ನನ್ನನ್ನು ಕಟ್ಟಿಕೊಂಡು ಬಸ್ಸು ಹತ್ತಿ ಊರೂರು ತಿರುಗತೊಡಗಿದರು.

ಪಾಮನಕಲ್ಲೂರಿನಲ್ಲಿ ಜೋಳ ಹಸನು ಮಾಡುತ್ತಿದ್ದವಳೊಬ್ಬಳ ಮುಂದೆ ನಿಂತು, "ತಂಗೀ, ನಿಮ್ಮನ್ಯಾಗ ಪಾಯಖಾನಿ ಐತೇನು?" ಎಂದುಬಿಟ್ಟರು. ಕಾನ್ವೆಂಟಿನಲ್ಲಿ ಕಿರುಬೆರಳು ಎತ್ತಿ ಕೇಳಲು ಕಲಿತವಳು ನಾನು; ಸೆರಗಿನ ಅಂಚು ನೋಡುತ್ತ ನಿಂತೆ.

ಆಕೆ ಮೊರ ಕೆಳಗಿಟ್ಟು ನಕ್ಕಳು. "ಐತ್ರೀ ಯವ್ವಾ. ಯಾತ್ರಿಯೋರು ಊಟ ಕೇಳೋದು ನೋಡೀನಿ, ಇದನ್ನ ಕೇಳೋದು ಈಗ ನೋಡಾಕತ್ತೀನಿ!"

"ಊಟ ಗಂಡಸರು ಕೇಳ್ಕೊಳ್ತಾರ. ಯುಗಾದಿ ಮುಂದ ನಾವು ಬರ್ತೀವಿ, ಬಾಗಿಲಾ ತಗದಿಡು."

"ಬರ್ರಿ, ಬಚ್ಚಲದಾಗ ಬಿಸಿನೀರೂ ಕಾಸಿಡ್ತೀನಿ."

ಹೀಗೆ ಊರಿಗೊಂದು ಬಾಗಿಲು ಗೊತ್ತುಮಾಡುತ್ತ ಅತ್ತೆ ತಮ್ಮ ಹಾದಿ ಹಾಕಿದರು.

ಹಿರಿಯರು ಬಂದರು. ಅವರು ಬೇಡವೆಂದರೆ ಯಾವ ಮನೆಯವರೂ ತಮ್ಮ ಹೆಣ್ಣುಮಕ್ಕಳನ್ನು ಅತ್ತೆಯ ಜೊತೆ ಕಳಿಸುತ್ತಿರಲಿಲ್ಲ. ಅವರಲ್ಲಿ ದೊಡ್ಡವರು ಗಂಟಲು ಸರಿಮಾಡಿಕೊಂಡು, "ಅಕ್ಕಾರ, ಗುಂಪು ಒಡೀಬ್ಯಾಡ್ರಿ. ಆ ಹಾದ್ಯಾಗ ಒಂದು ಪೆಂಡಾಲಿಲ್ಲ, ಒಂದು ಹನಿ ಮಜ್ಜಿಗಿ ಇಲ್ಲ" ಎಂದರು.

"ನಿಮ್ಮ ಪೆಂಡಾಲಿನ್ಯಾಗ ಹೆಂಗಸರು ಮಜ್ಜಿಗಿ ಯಾಕ ಮುಟ್ಟಂಗಿಲ್ಲ, ಯಾವತ್ತರ ಕೇಳೀರೇನು ಅಣ್ಣಾರ?"

"ಉಪಾಸ ಇರ್ತಾರಂತ ತಿಳಕೊಂಡೀವಿ" ಎಂದರು ಇನ್ನೊಬ್ಬರು, ಭಕ್ತಿಯಿಂದ.

"ಉಪಾಸ ಎಲ್ಲೀದ್ರೀ! ಉಚ್ಚಿ ಹೊಯ್ಯಾಕ ಮರೆ ಇಲ್ಲ, ಅದಕ್ಕ ಕುಡಿಯಂಗಿಲ್ಲ. ನನ್ನ ಸೊಸಿ ಜ್ವರ ಬಂದು ಬಿದ್ದದ್ದು ಅದಕ್ಕ."

ಬಾಯಿಗೆ ಹೊರಟಿದ್ದ ಕಪ್ಪುಗಳು ಅಲ್ಲೇ ನಿಂತವು. ಅಡುಗೆಮನೆಯ ಬಾಗಿಲಲ್ಲಿ ನನ್ನ ಕಿವಿ ಬಿಸಿಯಾಗಿತ್ತು, ಎದೆ ಮಾತ್ರ ಹೆಮ್ಮೆಯಿಂದ ಉಬ್ಬಿತ್ತು. ದೊಡ್ಡವರು ಎದ್ದು ಚಪ್ಪಲಿ ಮೆಟ್ಟುತ್ತ, "ಸಾಮಾನಿನ ಗಾಡಿ ಒಂದು ನಿಮ್ಮ ಕಡೀ ಕಳಸ್ತೀವಿ" ಎಂದರು.

ಅತ್ತೆ ಈಗಿಲ್ಲ. ಅವರ ಹಾದಿಯಲ್ಲಿ ಪ್ರತಿವರ್ಷ ಹೆಣ್ಣುಮಕ್ಕಳು ನಡೆಯುತ್ತಾರೆ. ಹೊಸ ಊರು ಸಿಕ್ಕರೆ ಬಾಗಿಲ ಮುಂದೆ ನಿಂತು ಕೇಳುವವಳು ನಾನೇ, ಗಟ್ಟಿಯಾಗಿ. ಯಾವ ಶಾಲೆಯೂ ಕಲಿಸದ ಈ ಧೈರ್ಯ ಅವರು ಕೊಟ್ಟದ್ದು.

ಹಿರಿಯರು ಬಂದುಹೋದ ಆ ದಿನ ಮಧ್ಯಾಹ್ನದ ಹೊತ್ತಿಗೇ ಸುದ್ದಿ ಓಣಿಯ ಹೆಂಗಸರಿಗೆಲ್ಲ ಮುಟ್ಟಿತ್ತು. ಸಂಜೆ ಕೆಲಸದಿಂದ ಬಂದ ಪಕ್ಕದ ಮನೆಯವರು ಬೈಕು ನಿಲ್ಲಿಸುತ್ತ ಅತ್ತೆಗೆ ಹೇಳಿದರು: "ದೊಡ್ಡವ್ವಾ, ಈ ಸಲ ನಮ್ಮವ್ವನ್ನೂ ಕರಕೊಂಡು ಹೋಗ್ರಿ. ಇಷ್ಟು ವರ್ಷ ಮೊಣಕಾಲು ನೋವು, ನಡಿಯಾಕ ಆಗಂಗಿಲ್ಲ ಅಂತಿದ್ಲು. ಇವತ್ತ ಏನಾತೋ, ಎಲ್ಲಾ ಆರಾಮ್ ಆಗೇತಂತ."