ಹೊಳೆಯಾಚೆಯಿಂದ ಒಂದು ಸಾಲು

ಹೊಳೆಯಾಚೆಯಿಂದ ಆ ದನಿ ಮತ್ತೆ ಬಂತು. ಎಳೆದು ಹಾಡಿದ ಒಂದೇ ಸಾಲು, ಆಮೇಲೆ ಮೌನ. ಕಲ್ಲಿದ್ದಲ ಗಣಿಯಿಂದ ಪಾಳಿ ಮುಗಿಸಿ ಬಂದು ಕಂಪನಿ ಅಂಗಡಿಯ ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ ಹೋಬರ್ಟ್ ಲಿಲ್ಲಿಯ ಕೈ ಹಾಗೇ ನಿಂತಿತು.

ವೆಸ್ಟ್ ವರ್ಜೀನಿಯಾದ ಆ ಗುಡ್ಡಗಳ ಚರ್ಚಿನಲ್ಲಿ ಒಬ್ಬ ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನು ಹಿಡಿದು ಹಾಡಬೇಕು. ಚಿಕ್ಕಂದಿನಿಂದ ಎತ್ತಿಕೊಡುವವನು ಅಣ್ಣ ಆರ್ಲಿ, ಮೊದಲು ಹಿಡಿಯುವವನು ಹೋಬರ್ಟ್.

ಏಳು ವರ್ಷದ ಹಿಂದೆ ಕಂಪನಿ ಒಂದು ಕಾಗದ ಮುಂದಿಟ್ಟಿತು: ಕೆಲಸ ಬೇಕಾದರೆ ಕಾರ್ಮಿಕ ಸಂಘ ಸೇರುವುದಿಲ್ಲ, ಸಂಘದವರ ಜೊತೆ ಒಡನಾಡುವುದಿಲ್ಲ ಎಂದು ಬರೆದುಕೊಡಿ. ಆರ್ಲಿ ಬರೆದುಕೊಡಲಿಲ್ಲ. ವಾರದೊಳಗೆ ಅವನ ಮಂಚ, ಒಲೆ, ತೊಟ್ಟಿಲು ಕಂಪನಿ ಮನೆಯಿಂದ ರಸ್ತೆಗೆ ಬಿದ್ದವು. ಅವನು ಹೊಳೆ ದಾಟಿ ಸಂಘದವರ ಡೇರೆ ಸೇರಿಕೊಂಡ. ಹೋಬರ್ಟನ ಹೆಂಡತಿ ಡೆಲ್ಫಿ ಆಗ ತುಂಬು ಬಸುರಿ. ಅಕ್ಷರ ಬಾರದವರು ಆ ಕಾಗದಕ್ಕೆ ಗೀಟೆಳೆದು ಬಂದರೆ ಹೋಬರ್ಟ್ ದುಂಡಗೆ ಪೂರ್ತಿ ಹೆಸರು ಬರೆದ. ಹೆಸರು ಬರೆದ ಮೇಲೆ ಅದು ಪ್ರಮಾಣವೇ ಎಂದುಕೊಂಡ. ಗೀಟೆಳೆದವರು ಗುಟ್ಟಾಗಿ ಹೊಳೆ ದಾಟಿ ಹೋಗಿ ಬರುತ್ತಿದ್ದರು. ಇವನು ಆಚೆಯಿಂದ ಬಂದ ಅಣ್ಣನ ಹಾಡಿಗೂ ಬಾಯಿ ತೆರೆಯಲಿಲ್ಲ.

ಡೇರೆಗಳು ಹಲಗೆಯ ಗುಡಿಸಲುಗಳಾದವು. ಆರ್ಲಿ ಪ್ರತಿ ಶನಿವಾರ ಸಾಲು ಎತ್ತಿಕೊಟ್ಟು, ತಮ್ಮನಿಗೆಂದು ಜಾಗ ಬಿಟ್ಟು ಕಾಯುತ್ತಿದ್ದ. ಈಚೆಗೆ ಎರಡನೇ ಸಾಲಿಗೆ ಅವನ ಉಸಿರು ಸಾಲುತ್ತಿರಲಿಲ್ಲ.

ಅಂಗಡಿಯ ಗುಮಾಸ್ತ ಕ್ಲೈಡ್ ಪೇಪರು ಹಿಡಿದು ಹೊರಬಂದ. "ನೋಡಪ್ಪ, ವಾಷಿಂಗ್ಟನ್ನಲ್ಲಿ ಕಾನೂನಾಗಿದೆ. ಸಂಘ ಸೇರಲ್ಲ ಅಂತ ಹಾಕಿದ ನಿನ್ನ ಚೆಂದದ ಸಹಿ ಇನ್ನು ಅಲ್ಲಿನ ಸರ್ಕಾರದ ಕೋರ್ಟಲ್ಲಿ ನಡೆಯಲ್ವಂತೆ."

"ಇನ್ನೊಂದ್ಸಲ ಓದು."

ಕ್ಲೈಡ್ ಓದಿದ. "ಈಗಲೇ ಕುಣೀಬೇಡ. ಕೋರ್ಟು ಬೇರೆ, ನಮ್ ಸೂಪರಿಂಟೆಂಡೆಂಟ್ ಬೇರೆ. ಆಚೆ ಕಾಲಿಟ್ರೆ ಸೋಮವಾರ ನಿನ್ ಒಲೇನೂ ರಸ್ತೇಲಿರುತ್ತೆ."

"ಆ ಕಾಗದ ಇನ್ನು ಪ್ರಮಾಣ ಅಲ್ಲ ತಾನೆ?"

"ಯಾವತ್ತು ಆಗಿತ್ತು ಮಾರಾಯ? ಇಡೀ ಕ್ಯಾಂಪಲ್ಲಿ ಅದನ್ನ ಬೈಬಲ್ ಅಂದ್ಕೊಂಡೋನು ನೀನೊಬ್ನೇ."

ಹೋಬರ್ಟ್ ಹೊಳೆಯ ಕಡೆ ತಿರುಗಿ ಕೂತ.

"ಹೆಂಡ್ತೀನಾದ್ರೂ ಒಂದ್ ಮಾತು ಕೇಳು," ಎಂದ ಕ್ಲೈಡ್.

"ಅವಳು ಮೊದಲ ವರ್ಷದಿಂದ್ಲೂ ಹೋಗು ಅಂತಾನೇ ಇದಾಳೆ."

"ಅದಲ್ಲ ಕಣೋ, ಇಲ್ಕೇಳು, ಸೋಮವಾರ ನೀನು..."

ಹೊಳೆಯಾಚೆ ಎರಡನೇ ಸಾಲು ಏರಿತು, ಕೆಮ್ಮಿಗೆ ಸಿಕ್ಕಿ ನಡುವೆಯೇ ಮುರಿಯಿತು. ಹೋಬರ್ಟ್ ದಾರ ಬಿಚ್ಚಿದ ಬೂಟಿನಲ್ಲೇ ಎದ್ದ. ಮುರಿದಲ್ಲಿಂದ ಸಾಲನ್ನು ಹಿಡಿದು, ತುಕ್ಕು ಹಿಡಿದ ದನಿಯಲ್ಲಿ ಹಾಡುತ್ತ, ಕ್ಲೈಡ್ ಇನ್ನೂ ಮಾತಾಡುತ್ತಿರುವಾಗಲೇ ಹೊಳೆಯ ಕಡೆ ನಡೆದ.