ಬಾಣಂತನ ಎಲ್ಲಾಯ್ತು?

ನಮ್ಮ ಮೇಡಂ ದನಿಯನ್ನು ನಾನು ಚೆನ್ನಾಗಿ ತೆಗೆಯುತ್ತೇನೆ. ಮೂಗಿನ ತುದಿಯಲ್ಲಿ ಕನ್ನಡಕ ಇದ್ದಂತೆ ನಟಿಸಿ, "ಅದೆಲ್ಲಾ ಸರಿ, ಬಾಣಂತನ ಎಲ್ಲಾಯ್ತು?" ಎಂದರೆ ಸಾಕು, ಜೀಪಿನಲ್ಲಿರುವ ಸರ್ವೆ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಮೇಡಂ ಮುಂದಿನ ಸೀಟಿನಿಂದ ತಿರುಗದೆಯೇ, "ದನಿ ಬಂತು, ತಲೆ ಯಾವಾಗ ಬರುತ್ತಪ್ಪಾ?" ಎನ್ನುತ್ತಾರೆ. ಇನ್ನೂ ಬಂದಿಲ್ಲ.

ತಾಯಿ-ಮಕ್ಕಳ ಆರೋಗ್ಯ, ಹುಟ್ಟು-ಸಾವಿನ ಲೆಕ್ಕ, ಇದೇ ಅವರ ಜೀವಮಾನದ ಸಂಶೋಧನೆ. ಚನ್ನಗಿರಿಯಲ್ಲಿ ನಾನು ಹುಟ್ಟುವ ಮೊದಲೇ ಅವರು ಹೊನ್ನಾಳಿ, ಸಾಸ್ವೆಹಳ್ಳಿ ಕಡೆ ಬಸ್ಸಿಳಿದು ಮನೆ ಮನೆ ತಿರುಗಿದವರು. ಆಗಲೇ ಅವರಿಗೊಂದು ವಿಷಯ ಹೊಳೆದಿತ್ತಂತೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿ ಹುಟ್ಟಿದ ಕೂಸು ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡರೆ, ಗಂಡನ ಮನೆಯವರು ನಮ್ಮಲ್ಲಿ ಆದದ್ದಲ್ಲ ಎಂದು ಬಿಡುತ್ತಾರೆ. ತವರಿನವರು ಅವಳು ಕೊಟ್ಟ ಹೆಣ್ಣು ಎಂದು ಬಿಡುತ್ತಾರೆ. ಎರಡು ಮನೆಗಳ ನಡುವೆ ಕೂಸು ಲೆಕ್ಕದಿಂದಲೇ ಕಾಣೆ. ಅದಕ್ಕೇ ಮೇಡಂ ಎಂದೂ ಮಕ್ಕಳೆಷ್ಟು ಎಂದು ಶುರು ಮಾಡುವುದಿಲ್ಲ, ಬಾಣಂತನ ಎಲ್ಲಾಯ್ತು ಎಂದೇ ಕೇಳುತ್ತಾರೆ.

ಜಗಳೂರಿನ ಕಡೆ ಒಂದು ಮನೆಗೆ ಹೋದೆವು. ಹೆರಿಗೆಯ ಪ್ರಶ್ನೆಗಳು ಹುಡುಗಿಯರದು. ನನಗೆ ಸೂರು, ನಲ್ಲಿ, ದನಕರು, ಶೌಚಾಲಯ. ನನ್ನ ಯೋಗ್ಯತೆ ಮೇಡಂಗೆ ಗೊತ್ತು. ಒಳಗೆ ದಿನ ತುಂಬಿದ ಸೊಸೆ. ಬಾಗಿಲಲ್ಲಿ ಕಾವಲಿಗೆಂಬಂತೆ ಅತ್ತೆ.

"ಇದೇ ಚೊಚ್ಚಲು. ಬರ್ಕಳ್ರಿ, ಹೋಗ್ರಿ."

"ಚೊಚ್ಚಲಾದ್ರೆ ತವರಿಗೆ ಯಾಕೆ ಕಳಿಸಿಲ್ಲಮ್ಮಾ?" ಎಂದರು ಮೇಡಂ.

ಅತ್ತೆ ಬಾಗಿಲಿಗೆ ಇನ್ನಷ್ಟು ಅಡ್ಡ ನಿಂತರು. ಅವರನ್ನು ಬಾಗಿಲಿಂದ ಸರಿಸು ಎಂಬಂತೆ ಮೇಡಂ ನನ್ನತ್ತ ಕಣ್ಣು ಮಾಡಿದರು. ನಾನು ಕೂಡಲೇ ಶಿವಮೊಗ್ಗ ಬಸ್ಸಿನ ಕಂಡಕ್ಟರನಾದೆ, ಆಮೇಲೆ ಫೋನಿನಲ್ಲಿ ಅರಚುವ ಅಡಿಕೆ ವ್ಯಾಪಾರಿಯಾದೆ. ಅತ್ತೆ ಸೆರಗು ಬಾಯಿಗಿಟ್ಟು, "ಇವ್ನ ಮನೆ ಕಾಯ್ವಾಗ, ಇವ್ನಿಗೆ ಸಂಬಳ ಬ್ಯಾರೆ ಕೊಡ್ತೀರಾ!" ಎಂದು ನಗುತ್ತಿದ್ದಾಗ ಮೇಡಂ ಅಡುಗೆಮನೆಯಲ್ಲಿ ಸೊಸೆಯ ಪಕ್ಕ ಕೂತಿದ್ದರು.

ಹೊರಗೆ ಬಂದವರು ಸೊಸೆಯ ವಿಷಯ ಎತ್ತಲೇ ಇಲ್ಲ. ಅತ್ತೆಯ ಪಕ್ಕ ಕೂತು ಕೇಳಿದರು: "ನಿಮ್ಮ ಚೊಚ್ಚಲ ಬಾಣಂತನ ಎಲ್ಲಾಯ್ತಮ್ಮಾ?"

"ನಂದಾ? ನಮ್ಮವ್ವನ ಮನ್ಯಾಗೆ." ಬಾಯಿಗಿಟ್ಟ ಸೆರಗು ಕೆಳಗಿಳಿಸಿದರು. "ಉಳೀಲಿಲ್ಲ ಬಿಡ್ರಿ. ಹೆಣ್ಣು ಕೂಸು. ಇಷ್ಟು ವರ್ಷದಾಗೆ ಯಾರೂ ಕೇಳಿರ್ಲಿಲ್ಲ."

ಸೊಸೆ ಬಾಗಿಲಿಗೆ ಬಂದು ನಿಂತಳು. "ಅತ್ತೆ, ನ್ಯಾಮತೀಲಿ ತವರುಮನ್ಯಾಗೆ ನನ್ನ ಕೂಸು ಹೋಗಿದ್ದು ನಿಮಗೆ ಗೊತ್ತು. ರಕ್ತ ಹೋಗಿ ನಾನೂ ಸಾಯಾಕೆ ಬಂದಿದ್ದೆ. ರಕ್ತ ಹೋದದ್ದನ್ನ ನಿಮಗೆ ಹೇಳಬ್ಯಾಡ ಅಂದಿದ್ಲು ನಮ್ಮವ್ವ."

"ಹುಚ್ಚಿ! ನನಗೆ ಹೇಳಾಕೆ ಏನಾಗಿತ್ತೇ?"

"ಹೊಟ್ಟೇಲಿ ಕೂಸಿರೋವಾಗ ಹೋದ ಕೂಸಿನ ಮಾತು ಬ್ಯಾಡ ಅಂತ ನೀವೇ ಅಂದ್ರಿ."

ಅತ್ತೆ ಮೇಡಂ ಮುಖ ನೋಡಿದರು. ಹಳ್ಳಿಯ ನರ್ಸ್ ಕೊಟ್ಟಿದ್ದ ತಾಯಿ ಕಾರ್ಡಿನಲ್ಲೂ ಇದು ಮೊದಲ ಬಸಿರೆಂದೇ ಇತ್ತು. ಒಮ್ಮೆ ಹಾಗೆ ರಕ್ತ ಹೋದವಳಿಗೆ ಮತ್ತೆ ಹೋಗಬಹುದು, ರಕ್ತ ಸಿದ್ಧವಿರುವ ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಎಂದು ಮೇಡಂ ಬಿಡಿಸಿ ಹೇಳಿದರು.

"ಅಷ್ಟು ದೂರಾನಾ?"

"ಮೊದಲೇ ಹೋದ್ರೆ ದೂರ ಅಲ್ಲಮ್ಮಾ. ರಕ್ತ ಹೋಗಾಕೆ ಶುರುವಾದ್ಮೇಲೆ ಹೊರಟ್ರೆ ದೂರ."

ಇಷ್ಟಕ್ಕೇ ನಮ್ಮ ಕೆಲಸ ಮುಗಿಯಿತೆಂದು ನಾನು ಜೀಪು ಹತ್ತಿ ಕೂತೆ. ಮೇಡಂ ನರ್ಸಮ್ಮನನ್ನು ಕರೆಸಿ, ಕಾರ್ಡು ತಿದ್ದಿಸಿ, ಯಾವ ಗಾಡಿಯಲ್ಲಿ ಯಾವಾಗ ಹೊರಡುವುದು, ಜೊತೆಗೆ ಯಾರು ಎಂಬುದೆಲ್ಲ ಗೊತ್ತಾದ ಮೇಲೆಯೇ ಎದ್ದರು. ಸಂಶೋಧನೆ ಎಂದರೆ ಬರೆದುಕೊಂಡು ಹೋಗುವುದು ಎಂದು ನಾನು ತಿಳಿದಿದ್ದೆ.

ಕೆಲವು ದಿನಗಳ ನಂತರ ನ್ಯಾಮತಿಯಲ್ಲಿ ಚಹಾ ಕುಡಿಯುತ್ತಿದ್ದಾಗ ನನಗೆ ಆ ಅತ್ತೆಯ ಫೋನು. ಹೆರಿಗೆ ಆಯಿತೆಂದು ಕೇಳಿದ್ದೇ, "ಗಂಡೋ ಹೆಣ್ಣೋ?" ಎಂದು ನಾನು ಬಾಯಿ ತೆರೆದೆ. ಮೇಡಂ ಮೊಣಕೈ ತಿವಿದರು. "ಮೊದಲು ತಾಯಿ."

"ಸೊಸೆ ಹೆಂಗದಾಳೆ ದೊಡ್ಡಮ್ಮಾ?" ಎಂದು ತಿದ್ದಿಕೊಂಡೆ.

"ಈ ಸಲಾನೂ ರಕ್ತ ಹೋತಪ್ಪಾ. ಜೀವ ಬಾಯಿಗೆ ಬಂದಿತ್ತು ನಂಗೆ. ತಕ್ಷಣ ರಕ್ತ ಹಾಕಿದ್ರು. ಈಗ ಗಂಜಿಗೆ ಉಪ್ಪಿಲ್ಲ ಅಂತ ನನ್ನ ಮ್ಯಾಲೇ ರೇಗಾಡ್ತಾಳೆ."

ಹೇಳಿದ್ದನ್ನು ಹಾಗೇ, ಅತ್ತೆಯ ದನಿಯಲ್ಲೇ ಒಪ್ಪಿಸಿದೆ. ಮೇಡಂ ಚಹಾದ ಲೋಟ ಕೆಳಗಿಟ್ಟು ಕಣ್ಣು ಒರೆಸಿಕೊಂಡರು.

"ಉಪ್ಪು ಕೇಳಿದ್ಲಾ? ಹಂಗಾದ್ರೆ ಚೆನ್ನಾಗಿದಾಳೆ. ಈಗ ಕೂಸಿನ ಸುದ್ದಿ ಕೇಳು."